ಜಾತ್ರೆಗೆ ಮನೆ ಪೇಂಟ್ ಮಾಡಿಸ್ತಿದ್ದೀರಾ? ಘಾಟು ಹೋಗೋಕೆ ಈರುಳ್ಳಿ ಸಾಲದು, ಗಾಳಿ ಬೇಕು

ದಾವಣಗೆರೆ: ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ ಹತ್ತಿರವಾದರೆ ಸಾಕು, ಹಳೇ ಊರಿನ ಗಲ್ಲಿಗಳಲ್ಲಿ ಮೂಗಿಗೆ ಮೊದಲು ಬಡಿಯೋದು ಪೇಂಟ್ ಘಾಟು. ಬೀಗರು ಬರ್ತಾರೆ, ನೆಂಟರು ಬರ್ತಾರೆ, ಮನೆ ಚೆಂದ ಕಾಣಬೇಕು. ಗೋಡೆಗೆ ಹೊಸ ಬಣ್ಣ, ಬಾಗಿಲಿಗೆ ಹೊಸ ಎನಾಮಲ್, ಗ್ರಿಲ್ಲಿಗೆ ಒಂದು ಕೋಟ್ ಕಪ್ಪು. ಜಾತ್ರೆ ಇಲ್ಲದ ವರ್ಷ ಯುಗಾದಿ, ಅದೂ ತಪ್ಪಿದರೆ ದೀಪಾವಳಿ. ಕೆಲಸ ಶುರುವಾಗೋದು ಮಾತ್ರ ಯಾವಾಗಲೂ ತಡವಾಗಿಯೇ. ಮೇಸ್ತ್ರಿ ಸಿಗೋದು ಹಬ್ಬಕ್ಕೆ ನಾಲ್ಕು ದಿನ ಇರುವಾಗ. ಕೊನೆಗೆ ಬಣ್ಣ ಒಣಗೋ ಮೊದಲೇ ನೆಂಟರು ಬಂದು ಹಾಲ್‌ನಲ್ಲಿ ಚಾಪೆ ಹಾಸಿ ಮಲಗುತ್ತಾರೆ. ಬೆಳಗ್ಗೆ ಎದ್ದವರಲ್ಲಿ ಅರ್ಧ ಜನಕ್ಕೆ ತಲೆನೋವು.

ಅದು ಎರಡು ದಿನದ ತಲೆನೋವು ಆಗಿದ್ರೆ ಇಷ್ಟು ಬರೆಯೋ ಅಗತ್ಯ ಇರಲಿಲ್ಲ. ಪೇಂಟ್ ಅಂಗಡಿ ಕೌಂಟರ್‌ನಲ್ಲಿ ಸ್ವಲ್ಪ ಹೊತ್ತು ನಿಂತರೆ ಇನ್ನೊಂದು ಮಾತೂ ಕಿವಿಗೆ ಬೀಳುತ್ತೆ: "ಅಣ್ಣಾ, ವಾಸನೆ ಬರದ ಪೇಂಟ್ ಇದ್ರೆ ಕೊಡ್ರಿ. ಮಗಳು ಹೆರಿಗೆಗೆ ಬರ್ತಾಳೆ, ಆ ರೂಮಿಗೆ ಹೊಡೆಸ್ಬೇಕು." ಬಾಣಂತಿ ಕೋಣೆ ಅಂದ್ರೆ ನಮ್ಮ ಕಡೆ ಕಿಟಕಿ ಮುಚ್ಚಿದ ಕೋಣೆ. ಗಾಳಿ ಆಡಬಾರದು, ಥಂಡಿ ಆಗಬಾರದು, ಸಂಜೆಗೆ ಧೂಪ ಹಾಕಬೇಕು. ಅದೇ ಕೋಣೆಗೆ ಎಂಟು ದಿನದ ಹಿಂದೆ ಎನಾಮಲ್ ಬಳಿದಿದ್ದರೆ, ಆ ಎಳೇ ಕೂಸು ದಿನದ ಇಪ್ಪತ್ತನಾಲ್ಕು ಗಂಟೆಯೂ ಉಸಿರಾಡೋದು ಅದನ್ನೇ. ಮನೆಯಲ್ಲಿ ಆಸ್ತಮಾ ಇರೋ ಹಿರಿಯರಿದ್ದರೂ ಚಿಂತೆ ಇದೇ.

ವಾಸನೆ ಎಲ್ಲಿಂದ ಬರುತ್ತೆ?

ಪೇಂಟ್ ಡಬ್ಬಿಯಲ್ಲಿ ಬಣ್ಣದ ಪುಡಿ ಇರುತ್ತೆ, ಅದನ್ನು ಗೋಡೆಗೆ ಹಿಡಿಸುವ ಅಂಟು ಇರುತ್ತೆ. ಇವೆರಡನ್ನೂ ತೆಳ್ಳಗೆ ಮಾಡಿ ಬ್ರಷ್‌ಗೆ ಬರೋ ಹಾಗೆ ಮಾಡಲು ಒಂದು ದ್ರವ ಬೇಕು. ಎಮಲ್ಷನ್‌ನಲ್ಲಿ ಆ ದ್ರವ ಬಹುಪಾಲು ನೀರು. ಬಾಗಿಲು, ಕಿಟಕಿ, ಗ್ರಿಲ್ಲಿಗೆ ಹೊಡೆಯೋ ಸಿಂಥೆಟಿಕ್ ಎನಾಮಲ್‌ನಲ್ಲಿ ಅದು ಟರ್ಪೆಂಟೈನ್, ಅಂದರೆ ಪೆಟ್ರೋಲಿಯಂನಿಂದ ಬಂದ ದ್ರಾವಕ. ಮೇಸ್ತ್ರಿ ಮೇಲಿಂದ ಇನ್ನಷ್ಟು ಟರ್ಪೆಂಟೈನ್ ಸುರಿದು ಕಲಸುತ್ತಾನೆ. ಗೋಡೆ ಮೇಲೆ ಬಣ್ಣ ಉಳಿಯುತ್ತೆ, ದ್ರಾವಕ ಪೂರ್ತಿ ಆವಿಯಾಗಿ ಮನೆಯೊಳಗಿನ ಗಾಳಿಗೆ ಸೇರುತ್ತೆ. ಡಬ್ಬಿ ಮೇಲೆ 'ವಿಒಸಿ' ಅಂತ ಬರೆಯೋದು ಇಂಥ ಸುಲಭಕ್ಕೆ ಆವಿಯಾಗುವ ರಾಸಾಯನಿಕಗಳ ಬಗ್ಗೆ.

ಮರಕ್ಕೆ ಹೊಡೆಯೋ ಎನ್‌ಸಿ ಲ್ಯಾಕರ್, ಮೆಲಮೈನ್, ಪಿಯು ಪಾಲಿಶ್‌ಗಳದ್ದು ಇನ್ನೂ ಜೋರು. ಅವಕ್ಕೆ ಬಳಸೋ ಥಿನ್ನರ್‌ನಲ್ಲಿ ಸಾಮಾನ್ಯವಾಗಿ ಟೊಲುವೀನ್, ಕ್ಸೈಲೀನ್ ಥರದ ದ್ರಾವಕ ಇರುತ್ತೆ. ಎರಡು ಡಬ್ಬಿ ಬೆರೆಸಿ ಹೊಡೆಯುವ ಪಿಯು ಪಾಲಿಶ್‌ನ ಹಾರ್ಡನರ್‌ನಲ್ಲಿ ಐಸೊಸಯನೇಟ್ ಅನ್ನೋ ರಾಸಾಯನಿಕವೂ ಇರುತ್ತೆ. ಸ್ಪ್ರೇ ಮಾಡುವಾಗ ಅದು ಎದೆಗೆ ಹೋದರೆ ಆಸ್ತಮಾ ಬರಬಹುದು. ಪಾಲಿಶ್ ಕೆಲಸ ನಡೆಯುವಾಗ ಮನೆಯವರು ಒಳಗಡೆ ಇರೋದೇ ಬೇಡ.

ಎಮಲ್ಷನ್‌ಗೂ ವಾಸನೆ ಇಲ್ಲ ಅಂತಲ್ಲ. ಒಣಗುವಾಗ ಪದರ ಒಂದಾಗಿ ಕೂರಲಿ ಅಂತ ಸ್ವಲ್ಪ ದ್ರಾವಕ, ಬೂಸ್ಟು ಹಿಡಿಯದಿರಲಿ ಅಂತ ಔಷಧ, ಕೆಲವದರಲ್ಲಿ ಒಂಚೂರು ಅಮೋನಿಯಾ ಇರುತ್ತೆ. ಕಿಟಕಿ ತೆರೆದಿಟ್ಟರೆ ಎರಡು ಮೂರು ದಿನದಲ್ಲಿ ಬಹುಪಾಲು ಹೋಗುತ್ತೆ.

ಎನಾಮಲ್‌ದು ಎರಡು ಹಂತದ ಕಥೆ. ಮೊದಲ ಒಂದೆರಡು ದಿನ ಟರ್ಪೆಂಟೈನ್ ಹೋಗುತ್ತೆ, ಅದು ಎಲ್ಲರಿಗೂ ಗೊತ್ತಿರೋ ಘಾಟು. ಆಮೇಲೆ ಬರೋದು ಬೇರೆ ವಾಸನೆ, ಹಳೇ ಎಣ್ಣೆ ಕಮಟು ಹಿಡಿದ ಹಾಗೆ. ಎನಾಮಲ್ ಬರೀ ಆರಿ ಒಣಗೋದಿಲ್ಲ. ಗಾಳಿಯಲ್ಲಿರೋ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತೆ, ಆ ಕ್ರಿಯೆ ನಡೆಯುವಾಗ ಆಲ್ಡಿಹೈಡ್ ಅನ್ನೋ ವಾಸನೆಯ ಪದಾರ್ಥಗಳನ್ನು ಬಿಡುತ್ತೆ. ಮುಟ್ಟಿದರೆ ಕೈಗೆ ಅಂಟಲ್ಲ, ಆದ್ರೂ ವಾರಗಟ್ಟಲೆ ವಾಸನೆ ಬರ್ತಾನೇ ಇರುತ್ತೆ ಅಂತ ಜನ ಹೇಳೋದು ಇದನ್ನೇ.

ಗೋಡೆ ಬೀರು, ವಾರ್ಡ್‌ರೋಬ್ ಒಳಗಿನ ವಾಸನೆ ಹೋಗದಿರೋ ಕಾರಣವೂ ಇಲ್ಲೇ ಸಿಗುತ್ತೆ. ಒಳಗೆ ಬಣ್ಣ ಹೊಡೆದು, ಧೂಳು ಕೂರುತ್ತೆ ಅಂತ ಬಾಗಿಲು ಹಾಕಿಬಿಡ್ತಾರೆ. ಒಳಗಿನ ಆವಿ ಹೊರಗೆ ಹೋಗಲ್ಲ, ಗಟ್ಟಿಯಾಗೋಕೆ ಬೇಕಾದ ಹೊಸ ಗಾಳಿ ಒಳಗೆ ಬರಲ್ಲ. ಬಟ್ಟೆ ಇಟ್ಟರೆ ಸೀರೆಗೆಲ್ಲ ಎನಾಮಲ್ ವಾಸನೆ. ಬಿಳಿ ಎನಾಮಲ್ ಕತ್ತಲಲ್ಲಿ ಇದ್ದರೆ ಬೇಗ ಹಳದಿಯಾಗುತ್ತೆ ಅನ್ನೋದು ಇದರ ಜೊತೆಗಿನ ಇನ್ನೊಂದು ನಷ್ಟ. ಬಾಗಿಲು, ಡ್ರಾಯರ್ ಎಲ್ಲ ತೆರೆದಿಟ್ಟು ಕನಿಷ್ಠ ಎರಡು ವಾರ ಬಿಡೋದು ಒಳ್ಳೆಯದು. ಪೇಂಟ್ ಹೊಡೆಯದ ಹೊಸ ವಾರ್ಡ್‌ರೋಬ್‌ನಲ್ಲೂ ಕಣ್ಣು ಉರಿಯೋ ವಾಸನೆ ಬಂದರೆ ಅದು ಪ್ಲೈವುಡ್ ಮತ್ತು ಅಂಟಿನದ್ದು. ಅದಕ್ಕೂ ಮದ್ದು ಗಾಳಿಯೇ.

ಅಂಗಡಿಯಲ್ಲೇ ಅರ್ಧ ಕೆಲಸ

ಘಾಟು ಕಡಿಮೆ ಮಾಡೋದು ಪೇಂಟ್ ಹೊಡೆದ ಮೇಲಲ್ಲ, ತರುವಾಗ. ಗೋಡೆಗೆ ಹೇಗೂ ಎಮಲ್ಷನ್ ಬಳಸ್ತಾರೆ. ತಕರಾರು ಇರೋದು ಬಾಗಿಲು, ಕಿಟಕಿ, ಗ್ರಿಲ್ಲಿನದ್ದು. ಇವಕ್ಕೂ ಈಗ ನೀರಿನಲ್ಲಿ ಕಲಸುವ ಎನಾಮಲ್ ಸಿಗುತ್ತೆ. ಬೆಲೆ ಸ್ವಲ್ಪ ಹೆಚ್ಚು, ಕೆಲವು ಮೇಸ್ತ್ರಿಗಳು "ಹೊಳಪು ಬರಲ್ಲ ಯಜಮಾನ್ರೇ" ಅಂತ ಮೂಗು ಮುರೀತಾರೆ. ಹೊಳಪಿನಲ್ಲಿ ಒಂಚೂರು ವ್ಯತ್ಯಾಸ ಇರೋದು ನಿಜ. ಆದರೆ ಇಡೀ ಮನೆಗೆ ಬೇಡವಾದರೂ ಮಲಗೋ ಕೋಣೆ, ಬಾಣಂತಿ ಕೋಣೆ, ಬೀರುವಿನ ಒಳಭಾಗ ಇಷ್ಟಕ್ಕಾದರೂ ಇದನ್ನೇ ಹೊಡೆಸಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಹಳೇ ಎಣ್ಣೆ ಬಣ್ಣದ ಮೇಲೆ ಹೊಡೆಯೋದಾದರೆ ಚೆನ್ನಾಗಿ ಉಜ್ಜಿ, ಸರಿಯಾದ ಪ್ರೈಮರ್ ಹಾಕಲೇಬೇಕು, ಇಲ್ಲದಿದ್ದರೆ ಸಿಪ್ಪೆ ಥರ ಏಳುತ್ತೆ. ಪ್ರೈಮರ್ ಕೂಡ ನೀರಿನದ್ದೇ ಇರಲಿ. ಮೇಲೆ ದುಬಾರಿ ವಾಸನೆ ಇಲ್ಲದ ಪೇಂಟ್ ಹೊಡೆಸಿ, ಕೆಳಗೆ ಟರ್ಪೆಂಟೈನ್ ಪ್ರೈಮರ್ ಬಳಿಸಿದರೆ ಘಾಟು ಅಲ್ಲಿಂದಲೇ ಬರುತ್ತೆ.

'ಲೋ ವಿಒಸಿ' ಅಂತ ಬರೆದ ಡಬ್ಬಿ ತಂದರೂ ಒಂದು ಸಂಗತಿ ನೆನಪಿರಲಿ. ಆ ಲೆಕ್ಕ ಸಾಮಾನ್ಯವಾಗಿ ಬಿಳಿ ಬೇಸ್‌ದು. ಅಂಗಡಿಯ ಮಷೀನಿನಲ್ಲಿ ಅದಕ್ಕೆ ಬಣ್ಣ ಬೆರೆಸುವಾಗ ಬೀಳೋ ಕಲರೆಂಟ್‌ನಲ್ಲೂ ದ್ರಾವಕ ಇರಬಹುದು. ಗಾಢ ಬಣ್ಣಕ್ಕೆ ಹೆಚ್ಚು ಕಲರೆಂಟ್, ತಿಳಿ ಬಣ್ಣಕ್ಕೆ ಕಡಿಮೆ. ಮಗು ಮಲಗೋ ಕೋಣೆಗೆ ತಿಳಿ ಬಣ್ಣ ವಾಸಿ ಅನ್ನೋಕೆ ಇದೂ ಒಂದು ಕಾರಣ.

ಇನ್ನು ಸುಣ್ಣ. ಹಿಂದಿನವರು ವರ್ಷಕ್ಕೊಮ್ಮೆ ಬಳೀತಿದ್ದ ಸುಣ್ಣದಲ್ಲಿ ದ್ರಾವಕವೇ ಇಲ್ಲ. ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕಲ್ಲಿನ ಹಾಗೆ ಗಟ್ಟಿಯಾಗುತ್ತೆ. ಕಣ್ಣಿಗೆ ಸಿಡಿದರೆ ಸುಡುತ್ತೆ, ಒರಗಿದರೆ ಅಂಗಿಗೆ ಹತ್ತುತ್ತೆ. ಹಾಗಾಗಿ ಹಾಲ್‌ಗೆ ಯಾರೂ ಒಪ್ಪಲ್ಲ. ಹಿತ್ತಲ ಕೋಣೆ, ಉಗ್ರಾಣಕ್ಕೆ ಈಗಲೂ ಸುಣ್ಣವೇ ಸಾಕು. 2021ರ ಜನವರಿಯಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಸಗಣಿಯಿಂದ ತಯಾರಿಸಿದ 'ಪ್ರಾಕೃತಿಕ್ ಪೇಂಟ್' ಬಿಡುಗಡೆ ಮಾಡಿತ್ತು, ಡಿಸ್ಟೆಂಪರ್ ಮತ್ತು ಎಮಲ್ಷನ್ ಎರಡೂ ರೂಪದಲ್ಲಿ. ವಾಸನೆ ಇಲ್ಲ ಅನ್ನೋದೇ ಅದರ ಪ್ರಚಾರದ ಮುಖ್ಯ ಮಾತು.

ಗಾಳಿ ಒಳಗೆ ಬಂದರೆ ಸಾಲದು, ಹೊರಗೆ ಹೋಗಬೇಕು

ಒಂದು ಕಿಟಕಿ ತೆರೆದು, ಸೀಲಿಂಗ್ ಫ್ಯಾನ್ ಐದಕ್ಕೆ ಇಟ್ಟರೆ ಗಾಳಿ ಆಡಿತು ಅಂದುಕೊಳ್ಳೋರೇ ಹೆಚ್ಚು. ಸೀಲಿಂಗ್ ಫ್ಯಾನ್ ಇದ್ದ ಗಾಳಿಯನ್ನೇ ಸುತ್ತಿಸುತ್ತೆ, ಹೊರಗೆ ಕಳಿಸಲ್ಲ. ಸ್ಪ್ಲಿಟ್ ಎಸಿಯದ್ದೂ ಅಷ್ಟೇ. ಬೇಕಾಗಿರೋದು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗೋ ದಾರಿ.

ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆಯ ಮನೆಗಳಿಗೆ ನಾಲ್ಕೂ ಸುತ್ತ ಕಿಟಕಿ, ಅಲ್ಲಿ ಕಷ್ಟವಿಲ್ಲ. ಹಳೇ ಊರಿನಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು, ನಡುವಿನ ಕೋಣೆಗೆ ಕಿಟಕಿಯೇ ಇಲ್ಲ, ಮೇಲೊಂದು ಬೆಳಕಿಂಡಿ ಇದ್ದರೆ ಅದೇ ಪುಣ್ಯ. ಇಂಥ ಮನೆಯಲ್ಲಿ ಟೇಬಲ್ ಫ್ಯಾನ್ ಕೆಲಸಕ್ಕೆ ಬರುತ್ತೆ, ಆದರೆ ಇಡೋ ದಿಕ್ಕು ಮುಖ್ಯ. ಪೇಂಟ್ ಹೊಡೆದ ಕೋಣೆಯಲ್ಲಿ ಕಿಟಕಿ ಇದ್ದರೆ ಫ್ಯಾನ್ ಮುಖ ಹೊರಗಡೆಗೆ ತಿರುಗಿಸಿ, ಕಿಟಕಿ ಹತ್ತಿರವೇ ಇಡಬೇಕು. ಎದುರಿನ ಬಾಗಿಲು ತೆರೆದಿರಬೇಕು. ಒಳಗಿನ ಗಾಳಿಯನ್ನು ಅದು ಹೊರಗೆ ತಳ್ಳಿದರೆ ಹೊಸ ಗಾಳಿ ತಾನಾಗೇ ಬಾಗಿಲಿಂದ ಬರುತ್ತೆ. ಫ್ಯಾನ್ ಒಳಗೆ ಮುಖ ಮಾಡಿದರೆ ಆ ಕೋಣೆಯ ಘಾಟು ಅಡುಗೆಮನೆಗೂ ದೇವರಮನೆಗೂ ಹರಡುತ್ತೆ. ಕಿಟಕಿ ಇಲ್ಲದ ನಡುಕೋಣೆಯಾದರೆ ಹಿಂಬಾಗಿಲ ದಿಕ್ಕಿಗೆ ಫ್ಯಾನ್ ಇಟ್ಟು, ಉಳಿದ ಕೋಣೆಗಳ ಬಾಗಿಲು ಮುಚ್ಚಿದರೆ ಆವಿ ದಾರಿ ತಪ್ಪಲ್ಲ. ಅಡುಗೆಮನೆಯಲ್ಲೋ ಬಚ್ಚಲಲ್ಲೋ ಎಕ್ಸಾಸ್ಟ್ ಫ್ಯಾನ್ ಇದ್ದರೂ ಹಾಕಬಹುದು. ಆದರೆ ಅಡುಗೆಮನೆಯದ್ದು ಹಾಕಿದಾಗ ಆ ಗಾಳಿ ಅಲ್ಲಿಗೇ ಎಳೆದುಕೊಂಡು ಬರುತ್ತೆ, ಒಲೆ ಹಚ್ಚುವ ಹಾಗಿಲ್ಲ.

ಒದ್ದೆ ಎನಾಮಲ್‌ಗೆ ಎದುರಾಎದುರು ಜೋರು ಗಾಳಿ ಬಿಡಬಾರದು. ಮೇಲ್ಮೈ ಬೇಗ ಕೆನೆ ಕಟ್ಟುತ್ತೆ, ಒಳಗೆ ಹಸಿಯಾಗೇ ಉಳಿಯುತ್ತೆ, ಸುಕ್ಕು ಬರುತ್ತೆ. ಒಂದೇ ದಪ್ಪ ಕೋಟ್ ಬಳಿದರೂ ಆಗೋದು ಇದೇ. ತೆಳ್ಳಗೆ ಎರಡು ಕೋಟ್, ನಡುವೆ ಒಂದು ರಾತ್ರಿ ಬಿಡುವು. ಹಬ್ಬದ ಅವಸರದಲ್ಲಿ ಬೆಳಗ್ಗೆ ಒಂದು ಕೋಟ್, ಮಧ್ಯಾಹ್ನ ಇನ್ನೊಂದು ಅಂತ ಹೊಡೆದ ಬಾಗಿಲುಗಳೇ ತಿಂಗಳುಗಟ್ಟಲೆ ವಾಸನೆ ಬಿಡೋದು.

ಕಳಚಲು ಬರುವ ಬಾಗಿಲು, ಕಿಟಕಿ ರೆಕ್ಕೆಗಳನ್ನು ಕಳಚಿ ತಾರಸಿಯಲ್ಲೋ ಹಿತ್ತಲಲ್ಲೋ ನೆರಳಿಗಿಟ್ಟು ಹೊಡೆಸಿ, ಮೂರ್ನಾಲ್ಕು ದಿನ ಅಲ್ಲೇ ಬಿಟ್ಟರೆ ಘಾಟಿನ ದೊಡ್ಡ ಪಾಲು ಮನೆ ಒಳಗೆ ಬರೋದೇ ಇಲ್ಲ. ಮೇಸ್ತ್ರಿಗೆ ಅರ್ಧ ದಿನದ ಹೆಚ್ಚುವರಿ ಕೆಲಸ. ಮೊದಲೇ ಮಾತಾಡಿಕೊಂಡರೆ ಒಪ್ಪುತ್ತಾರೆ.

ನಮ್ಮೂರಿನ ಮಾರ್ಚ್, ಏಪ್ರಿಲ್ ಬಿಸಿಲು ಈ ಕೆಲಸಕ್ಕೆ ವರ. ಬಿಸಿ ಹೆಚ್ಚಿದಷ್ಟೂ ಆವಿ ಬೇಗ ಹೋಗುತ್ತೆ. ಆದರೆ ಆ ಹೊತ್ತಲ್ಲೇ ಮನೆಗೆ ಬೀಗ ಹಾಕಿ ಕೆಲಸಕ್ಕೆ ಹೋದರೆ ಆವಿ ಗೋಡೆಯಿಂದ ಬಿಟ್ಟು ಹಾಸಿಗೆ, ಪರದೆ, ಸೋಫಾಕ್ಕೆ ಹತ್ತುತ್ತೆ. ಅವು ರಾತ್ರಿಯಿಡೀ ನಿಧಾನವಾಗಿ ವಾಪಸ್ ಬಿಡುತ್ತವೆ. ಹಗಲು ಯಾರೂ ಇರಲ್ಲ ಅಂದರೆ ಗ್ರಿಲ್ ಇರೋ ಮೇಲಿನ ಕಿಟಕಿಗಳನ್ನಾದರೂ ತೆರೆದು ಹೋಗಿ. ಹಾಸಿಗೆ, ದಿಂಬು, ಪರದೆಗಳನ್ನು ಕೆಲಸ ಶುರುವಾಗೋ ಮೊದಲೇ ಬೇರೆ ಕಡೆ ಸಾಗಿಸಿ. ಅಡುಗೆ ಸಾಮಾನಿನಲ್ಲಿ ಬೆಣ್ಣೆ, ತುಪ್ಪ, ಟೀ ಪುಡಿ, ಕಾಫಿ ಪುಡಿ ವಾಸನೆ ಹೀರೋದರಲ್ಲಿ ಮುಂದು. ಮಂಡಕ್ಕಿ ಚೀಲ ಬಾಯಿ ಬಿಚ್ಚಿ ಇಟ್ಟಿದ್ದರೆ ಜಾತ್ರೆ ಮಿರ್ಚಿ ಜೊತೆ ಟರ್ಪೆಂಟೈನ್ ರುಚಿಯೂ ಬರುತ್ತೆ.

ಮಳೆಗಾಲದಲ್ಲಿ ಇದೆಲ್ಲ ಉಲ್ಟಾ. ಗಾಳಿಯಲ್ಲಿ ತೇವ, ಮುಚ್ಚಿದ ಕಿಟಕಿ, ಒಣಗದ ಗೋಡೆ. ತುರ್ತಿಲ್ಲ ಅಂದರೆ ಆಗ ಮುಂದೂಡೋದೇ ಲೇಸು.

ಎಷ್ಟು ದಿನ ಮೊದಲು?

ಜಾತ್ರೆ ದಿನದಿಂದ ಹಿಂದಕ್ಕೆ ಎಣಿಸಿ. ಎಮಲ್ಷನ್ ಮಾತ್ರ ಆದರೆ ನೆಂಟರು ಬರೋಕೆ ನಾಲ್ಕೈದು ದಿನ ಮೊದಲು ಕೊನೇ ಕೋಟ್ ಮುಗಿದಿರಲಿ. ಟರ್ಪೆಂಟೈನ್ ಎನಾಮಲ್ ಇದ್ದರೆ ಹತ್ತು ದಿನವಾದರೂ ಇರಲಿ. ಬಾಣಂತಿ ಮತ್ತು ಕೂಸು ಬರೋ ಕೋಣೆಯಾದರೆ ತಿಂಗಳ ಅಂತರ ಇಟ್ಟುಕೊಳ್ಳೋದೇ ಕ್ಷೇಮ, ಅಂದರೆ ಏಳನೇ ತಿಂಗಳ ಸೀಮಂತದ ಹೊತ್ತಿಗೇ ಆ ಕೋಣೆ ಮುಗಿಸಬೇಕು. ಅಷ್ಟು ಸಮಯ ಇಲ್ಲದಿದ್ದರೆ ಆ ಕೋಣೆಗೆ ಈಗ ಬಣ್ಣವೇ ಬೇಡ. ಮಗು ಹಳೇ ಗೋಡೆ ನೋಡಿ ಬೇಜಾರು ಮಾಡಿಕೊಳ್ಳಲ್ಲ.

ಇಡೀ ಮನೆ ಒಂದೇ ಸಲ ಹೊಡೆಸೋ ಬದಲು ಮಲಗೋ ಕೋಣೆಗಳನ್ನು ಮೊದಲು ಮುಗಿಸಿ, ಅಲ್ಲಿಯವರೆಗೆ ಹಾಲ್‌ನಲ್ಲಿ ಮಲಗಿ, ಆಮೇಲೆ ಹಾಲ್ ಹಿಡಿಯೋದು ಒಂದು ದಾರಿ. ಬೇಸಿಗೆಯಾದರೆ ತಾರಸಿ ಹೇಗೂ ಇದೆ. ಗಿಳಿ, ಲವ್ ಬರ್ಡ್ಸ್ ಸಾಕಿದವರು ಪಂಜರವನ್ನು ಮೊದಲು ಪಕ್ಕದ ಮನೆಗೆ ಕಳಿಸಿ. ಹಕ್ಕಿಗಳ ಶ್ವಾಸಕೋಶ ಇಂಥ ಆವಿಯನ್ನು ನಮಗಿಂತ ಬಹಳ ಕಡಿಮೆ ತಡೆದುಕೊಳ್ಳುತ್ತೆ.

ವಾಸನೆ ಹೋಯ್ತೋ ಇಲ್ಲವೋ ಅಂತ ಮನೆಯಲ್ಲೇ ಇದ್ದವರ ಮೂಗನ್ನು ಕೇಳಬೇಡಿ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದನ್ನು ಹೇಳೋದನ್ನೇ ನಿಲ್ಲಿಸುತ್ತೆ. ಕಿಟಕಿ ಬಾಗಿಲು ಎರಡು ಗಂಟೆ ಮುಚ್ಚಿಟ್ಟು, ಹೊರಗಿನಿಂದ ಬಂದವರೊಬ್ಬರನ್ನು ಒಳಗೆ ಕಳಿಸಿ ಕೇಳಿ.

ಈರುಳ್ಳಿ, ಇದ್ದಿಲು, ಊದುಬತ್ತಿ

ಹೆಚ್ಚಿದ ಈರುಳ್ಳಿಯನ್ನು ನೀರಲ್ಲಿ ಹಾಕಿ ಕೋಣೆಯ ಮೂಲೆಗಿಡಿ ಅನ್ನೋ ಸಲಹೆ ಪ್ರತಿ ಹಬ್ಬಕ್ಕೂ ವಾಟ್ಸಾಪ್‌ನಲ್ಲಿ ಬರುತ್ತೆ. ಈರುಳ್ಳಿ ವಾಸನೆ ಪೇಂಟ್ ವಾಸನೆಗಿಂತ ಜೋರಾಗಿ ಮೂಗಿಗೆ ಬಡಿಯುತ್ತೆ, ಅಷ್ಟೇ ಅದರ ಮಹಿಮೆ. ಬಕೆಟ್ ನೀರು ಇಡೋದೂ ಇದೇ ಸಾಲಿನದ್ದು; ಟರ್ಪೆಂಟೈನ್ ನೀರಲ್ಲಿ ಕರಗುವ ಪದಾರ್ಥವೇ ಅಲ್ಲ. ಅಡುಗೆ ಸೋಡಾ ಹುಳಿ ವಾಸನೆಗೆ ಸರಿ, ದ್ರಾವಕಕ್ಕೆ ಅಲ್ಲ. ಪೇಂಟಿಗೇ ವೆನಿಲ್ಲಾ ಎಸೆನ್ಸ್ ಹನಿಸಿದರೆ ಸುವಾಸನೆ ಬರಬಹುದು, ಆವಿ ಒಂದು ಹನಿಯೂ ಕಡಿಮೆಯಾಗಲ್ಲ.

ಇದ್ದಿಲಿನಲ್ಲಿ ಸ್ವಲ್ಪ ನಿಜ ಇದೆ. ಅದರ ಸಣ್ಣ ಸಣ್ಣ ರಂಧ್ರಗಳಿಗೆ ಇಂಥ ಆವಿ ಹಿಡಿದುಕೊಳ್ಳುತ್ತೆ. ಒಲೆ ಇದ್ದಿಲಿಗಿಂತ ಆಕ್ಟಿವೇಟೆಡ್ ಚಾರ್ಕೋಲ್‌ಗೆ ಆ ಶಕ್ತಿ ಎಷ್ಟೋ ಪಾಲು ಹೆಚ್ಚು. ಆದರೂ ದೊಡ್ಡ ಕೋಣೆಯಲ್ಲಿ ಒಂದು ಬಟ್ಟಲು ಇಟ್ಟರೆ ಏನೂ ಆಗಲ್ಲ. ಮುಚ್ಚಿದ ಬೀರು, ಡ್ರಾಯರ್‌ನಂಥ ಚಿಕ್ಕ ಜಾಗದಲ್ಲಿ, ಅದೂ ಬಾಗಿಲು ತೆರೆದಿಟ್ಟು ಆರಿಸಿದ ಮೇಲೆ ಉಳಿದ ವಾಸನೆಗೆ, ಬಟ್ಟೆ ಚೀಲದಲ್ಲಿ ಕಟ್ಟಿ ಇಡಬಹುದು.

ಗಿಡಗಳ ಕಥೆ 1989ರ ನಾಸಾ ಅಧ್ಯಯನದಿಂದ ಹಬ್ಬಿದ್ದು. ಅದು ನಡೆದಿದ್ದು ಗಾಳಿಯಾಡದ ಪೆಟ್ಟಿಗೆಯೊಳಗೆ. ಮನೆಯಲ್ಲಿ ಕಿಟಕಿ ತೆರೆದಷ್ಟು ಲಾಭ ಗಿಡಗಳಿಂದ ಬರಬೇಕಾದರೆ ಪ್ರತಿ ಚದರ ಮೀಟರಿಗೆ ಕನಿಷ್ಠ ಹತ್ತು ಗಿಡ ಇಡಬೇಕಾದೀತು ಅಂತ 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದ್ದರು. ಅಷ್ಟು ಇಟ್ಟರೆ ಮನೆಯಲ್ಲಿ ಜನ ಇರೋಕೆ ಜಾಗ ಉಳಿಯಲ್ಲ.

ಕೆಲಸಕ್ಕೆ ಬಾರದ ಉಪಾಯಗಳಿಂದ ನಷ್ಟವಿಲ್ಲ. ಭಯ ಇರೋದು ಬೆಂಕಿಯದ್ದು. ಪೇಂಟ್ ವಾಸನೆ ಹೋಗಲಿ ಅಂತ ಊದುಬತ್ತಿ, ಲೋಬಾನ, ಕರ್ಪೂರ ಹಚ್ಚೋರು ಈಗಲೂ ಇದ್ದಾರೆ. ಟರ್ಪೆಂಟೈನ್, ಥಿನ್ನರ್ ಎರಡರ ಆವಿಗೂ ಬೆಂಕಿ ಹತ್ತುತ್ತೆ. ಬೇಸಿಗೆಯ ಸೆಕೆಯಲ್ಲಿ ಮುಚ್ಚಿದ ಕೋಣೆಯಲ್ಲಿ ತೆರೆದ ಡಬ್ಬಿ ಇದ್ದರೆ ಅಪಾಯ ಇನ್ನೂ ಹತ್ತಿರ. ಈ ಆವಿ ಗಾಳಿಗಿಂತ ಭಾರ, ಡಬ್ಬಿ ಹತ್ತಿರ ನೆಲದ ಮಟ್ಟದಲ್ಲೇ ಹರಡುತ್ತೆ. ದೇವರಮನೆ ಬಾಗಿಲಿಗೆ ಎನಾಮಲ್ ಹೊಡೆಸಿದ ಸಂಜೆಯೇ ದೀಪ ಹಚ್ಚೋದು ಬೇಡ. ಎರಡು ದಿನ ದೇವರ ಪಟವನ್ನು ಬೇರೆ ಕಡೆ ಇಟ್ಟು ಅಲ್ಲೇ ಹಚ್ಚಿದರಾಯಿತು. ಪೇಂಟರ್‌ಗಳಿಗೂ ಒಳಗೆ ಬೀಡಿ ಸೇದಬೇಡಿ ಅಂತ ಮೊದಲ ದಿನವೇ ಹೇಳಿ.

ಬೇಯಿಸಿದ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಗಾಳಿಯ ಜೊತೆ ಸೇರಿ ಬಿಸಿಯಾಗಿ, ಯಾರೂ ಕಡ್ಡಿ ಗೀರದೆಯೇ ಬಟ್ಟೆ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಹೊಡೆಯೋರ ಎದೆ

ಮನೆಯವರು ಘಾಟು ಸಹಿಸೋದು ವಾರ, ಪೇಂಟರ್ ಸಹಿಸೋದು ವರ್ಷಪೂರ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪೇಂಟರ್ ವೃತ್ತಿಯನ್ನೇ ಕ್ಯಾನ್ಸರ್‌ಕಾರಕ ಅಂತ ಖಚಿತವಾದವುಗಳ ಪಟ್ಟಿಯಲ್ಲಿ ಇಟ್ಟಿದೆ. ಮುಖಕ್ಕೆ ಟವೆಲ್ ಕಟ್ಟಿದರೆ ಧೂಳು ಸ್ವಲ್ಪ ನಿಲ್ಲುತ್ತೆ, ಆವಿ ನಿಲ್ಲಲ್ಲ. ಕೊರೊನಾ ಕಾಲದ ಎನ್-95 ಕೂಡ ಅಷ್ಟೇ. ಆವಿಗೆ ಇದ್ದಿಲಿನ ಕಾರ್ಟ್ರಿಡ್ಜ್ ಇರೋ ಮಾಸ್ಕೇ ಬೇಕು. ಕೈ ತೊಳೆಯೋಕೆ ಥಿನ್ನರ್ ಬದಲು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ ಸೋಪು ಹಾಕಿದರೂ ಎನಾಮಲ್ ಬಿಡುತ್ತೆ. ಕೆಲಸದ ನಡುವೆ ಯಾರಿಗಾದರೂ ತಲೆ ಸುತ್ತು, ವಾಕರಿಕೆ ಬಂದರೆ ಮೊದಲು ಹೊರಗಿನ ಗಾಳಿಗೆ ಕರೆದುಕೊಂಡು ಬನ್ನಿ. ಉಬ್ಬಸ ಶುರುವಾದರೆ, ಅಥವಾ ಹೊರಗೆ ಬಂದು ಸ್ವಲ್ಪ ಹೊತ್ತಾದರೂ ಸರಿಯಾಗದಿದ್ದರೆ ಆಸ್ಪತ್ರೆಗೆ ಹೋಗಬೇಕು.

ಎಲ್ಲ ಅಪಾಯಕ್ಕೂ ವಾಸನೆ ಇರಲ್ಲ. ಹಳೇ ಬಾಗಿಲು ಕಿಟಕಿಗಳ ಎನಾಮಲ್‌ನಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆ ಬಳಕೆಯ ಪೇಂಟ್‌ನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಅನ್ನೋ ನಿಯಮ ದೇಶದಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಮೊದಲಿನ ಬಣ್ಣವನ್ನು ಒಣಗಿದ ಹಾಗೇ ಉಜ್ಜಿದರೆ ಸೀಸದ ಧೂಳು ಏಳುತ್ತೆ. ಅದು ಮಕ್ಕಳ ಮಿದುಳಿನ ಬೆಳವಣಿಗೆಗೆ, ಗರ್ಭಿಣಿಯರ ಹೊಟ್ಟೆಯಲ್ಲಿರೋ ಕೂಸಿಗೆ ಕೆಟ್ಟದ್ದು. ವಾಟರ್ ಪೇಪರ್ ತಂದು, ನೀರು ಚಿಮುಕಿಸಿಕೊಂಡೇ ಉಜ್ಜಿಸಿ. ಆಮೇಲೆ ಪೊರಕೆಯಿಂದ ಗುಡಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಆ ಹೊತ್ತಿಗೆ ಗರ್ಭಿಣಿ, ಮಕ್ಕಳು ಮನೆಯಲ್ಲಿ ಇರಬಾರದು.

ಉಳಿದ ಡಬ್ಬಿ

ಹೋದ ಹಬ್ಬಕ್ಕೆ ತಂದು ಉಳಿದ ಎಮಲ್ಷನ್ ಇದ್ದರೆ ಮುಚ್ಚಳ ತೆಗೆದು ಮೂಸಿ ನೋಡಿ. ಕೊಳೆತ ಮೊಟ್ಟೆ ಅಥವಾ ಹುಳಿ ವಾಸನೆ ಬಂದರೆ ಒಳಗೆ ಬ್ಯಾಕ್ಟೀರಿಯಾ ಬೆಳೆದಿದೆ ಅಂತ ಅರ್ಥ. ಹೊಡೆದರೆ ಒಣಗಿದ ಮೇಲೂ ಗೋಡೆ ನಾರುತ್ತೆ, ಮೇಲೆ ಸೀಲರ್ ಕೋಟ್ ಕೊಟ್ಟು ಮತ್ತೆ ಬಣ್ಣ ಹೊಡೆಸೋ ಖರ್ಚು ಬರುತ್ತೆ. ಚೆನ್ನಾಗಿದ್ದರೆ ಮುಚ್ಚಳ ಬಿಗಿಯಾಗಿ ಹಾಕಿ ಮನೆ ಹೊರಗಿನ ನೆರಳಲ್ಲಿ ಇಡಿ. ಮಂಚದ ಕೆಳಗೆ, ಅಟ್ಟದ ಮೇಲೆ ಇಟ್ಟ ಅರ್ಧ ಮುಚ್ಚಿದ ಎನಾಮಲ್ ಡಬ್ಬಿಯಿಂದಲೇ ಎಷ್ಟೋ ಮನೆಗಳಲ್ಲಿ ವಾಸನೆ ಹೋಗಿರಲ್ಲ. ಬ್ರಷ್ ತೊಳೆದ ಟರ್ಪೆಂಟೈನ್ ಚರಂಡಿಗೆ ಸುರಿಯಬೇಡಿ. ಮುಚ್ಚಿದ ಡಬ್ಬಿಯಲ್ಲಿ ಎರಡು ದಿನ ಇಟ್ಟರೆ ಬಣ್ಣ ತಳಕ್ಕೆ ಕೂತು ಮೇಲೆ ತಿಳಿಯಾಗುತ್ತೆ, ಅದನ್ನು ಬಸಿದಿಟ್ಟುಕೊಂಡರೆ ಮುಂದಿನ ಸಲ ಗ್ರಿಲ್ಲಿನ ಬ್ರಷ್ ತೊಳೆಯೋಕೆ ಆಗುತ್ತೆ.